ಬಡ್ತಿ ಬಂದ ಮೇಲೆ ಕಲಿಯುವುದೆಲ್ಲಿ? ಪಾಡ್‌ಕಾಸ್ಟ್ ಮತ್ತು ಸಮ್ಮೇಳನಗಳನ್ನು ತೂಗಿ ನೋಡುವ ಪ್ರಯತ್ನ

ಏಪ್ರಿಲ್‌ನಲ್ಲಿ ಬಡ್ತಿಯ ಪತ್ರಗಳು ಕೈಸೇರುತ್ತವೆ. ಮೇ ಕಳೆಯುವಷ್ಟರಲ್ಲಿ ನನಗೆ ಫೋನ್ ಕರೆಗಳು ಶುರುವಾಗುತ್ತವೆ. ಪೀಣ್ಯದ ಮಧ್ಯಮ ಗಾತ್ರದ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ಬಹುಕಾಲ ದುಡಿದವನು ಎಂಬ ಕಾರಣಕ್ಕೆ, ಪರಿಚಯದವರೂ ಪರಿಚಯದವರ ಮಕ್ಕಳೂ ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಾರೆ. ನಿನ್ನೆಯವರೆಗೆ ಪಕ್ಕದಲ್ಲಿ ಕೂತು ಡಬ್ಬಿ ಬಿಚ್ಚುತ್ತಿದ್ದ ಎಂಟು ಜನರಿಗೆ ಇಂದಿನಿಂದ ತಾನು ಮೇಲ್ವಿಚಾರಕ. ಕೆಲಸ ಮಾಡುವುದು ಗೊತ್ತು, ಕೆಲಸ ಮಾಡಿಸುವುದು ಗೊತ್ತಿಲ್ಲ. ಎರಡು ವರ್ಷ ಎಂಬಿಎ ಓದಲು ಸಮಯವೂ ಇಲ್ಲ, ಹಣವೂ ಇಲ್ಲ. ಪಾಡ್‌ಕಾಸ್ಟ್ ಕೇಳಿದರೆ ಸಾಕೇ, ಅಥವಾ ಕಂಪನಿಯವರನ್ನು ಕೇಳಿಕೊಂಡು ಒಂದು ಸಮ್ಮೇಳನಕ್ಕೆ ಹೋಗುವುದು ಮೇಲೇ?

ಉತ್ತರಕ್ಕೆ ಮೊದಲು, ಕಲಿಯಬೇಕಾದ್ದು ಏನೆಂಬುದನ್ನು ಗುರುತಿಸಿಕೊಳ್ಳುವುದು ಒಳ್ಳೆಯದು. ಮೊದಲ ವರ್ಷದ ಮೇಲ್ವಿಚಾರಕರಿಗೆ ಬೇಕಾದ ಮೂಲಪಾಠಗಳು ನನ್ನ ಲೆಕ್ಕದಲ್ಲಿ ನಾಲ್ಕೇ: ಕೈಕೆಳಗಿನ ಪ್ರತಿಯೊಬ್ಬರ ಜೊತೆಯೂ ನಿಯಮಿತವಾಗಿ ಮಾತನಾಡುವುದು, ಕೆಲಸ ಚೆನ್ನಾಗಿದ್ದಾಗಲೂ ಕೆಟ್ಟಾಗಲೂ ಅದನ್ನು ಆಯಾ ದಿನವೇ ಹೇಳುವುದು, ಬಾರದ ಕೆಲಸವನ್ನು ಕಲಿಸುವುದು, ಕೊನೆಗೆ ನಂಬಿ ಕೆಲಸ ಒಪ್ಪಿಸುವುದು. ದೂರದೃಷ್ಟಿ, ಕಾರ್ಯತಂತ್ರ, ಬದಲಾವಣೆಯ ನಾಯಕತ್ವ ಮುಂತಾದ ದೊಡ್ಡ ಮಾತುಗಳು ಆಮೇಲಿನವು. ಹಾಗಾಗಿ ಯಾವ ಮಾರ್ಗವನ್ನು ನೋಡಿದರೂ ಈ ನಾಲ್ಕನ್ನು ಅದು ಕಲಿಸುತ್ತದೆಯೇ ಎಂದು ಮೊದಲು ಕೇಳಬೇಕು. ಆಮೇಲೆ, ಅದಕ್ಕೆ ತಗಲುವ ಖರ್ಚು ಎಷ್ಟು, ಕಣ್ಣಿಗೆ ಬೀಳದ ಖರ್ಚು ಎಷ್ಟು. ಅದು ಕೇಳುವ ಸಮಯ ಬಿಡಿಬಿಡಿಯಾದ ಅರ್ಧ ಗಂಟೆಗಳೇ, ಇಡೀ ದಿನಗಳೇ. ತಪ್ಪು ಮಾಡಿದಾಗ ಅಲ್ಲೇ ತಿದ್ದುವವರು ಇದ್ದಾರೆಯೇ. ಅಲ್ಲಿ ಕಲಿತದ್ದು ನಮ್ಮ ಭಾಷೆಗೆ, ನಮ್ಮ ಹಿರಿಕಿರಿಯರ ರೀತಿನೀತಿಗೆ ಹೊಂದುತ್ತದೆಯೇ. ಮುಂದೆ ಕಷ್ಟ ಬಂದಾಗ ಫೋನ್ ಮಾಡಬಹುದಾದ ಒಬ್ಬಿಬ್ಬರು ಸಿಗುತ್ತಾರೆಯೇ ಎಂದು ನೋಡಬೇಕು. ಪ್ರಮಾಣಪತ್ರವನ್ನು ನಾನು ಈ ಸಾಲಿಗೆ ಸೇರಿಸುತ್ತಿಲ್ಲ, ಏಕೆಂದರೆ ಸಮ್ಮೇಳನದಲ್ಲಿ ಪಾಲ್ಗೊಂಡ ಪತ್ರವನ್ನು ನೋಡಿ ನಾನು ಯಾರಿಗೂ ಬಡ್ತಿ ಶಿಫಾರಸು ಮಾಡಿದ್ದಿಲ್ಲ.

ಪಾಡ್‌ಕಾಸ್ಟ್‌ಗಳಲ್ಲಿ ಎರಡು ಜಾತಿಗಳಿವೆ. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಅರ್ಧ ನಿರಾಶೆ ಹುಟ್ಟುತ್ತದೆ. ಒಂದು, ಹೀಗೆ ಹೀಗೆ ಮಾಡಿ ಎಂದು ಹೆಜ್ಜೆಹೆಜ್ಜೆಯಾಗಿ ಹೇಳಿಕೊಡುವಂಥದ್ದು. ಇನ್ನೊಂದು, ವಿದ್ವಾಂಸರನ್ನೋ ಉದ್ಯಮಿಗಳನ್ನೋ ಕೂರಿಸಿಕೊಂಡು ಸಂದರ್ಶನ ಮಾಡುವಂಥದ್ದು.

ಮೊದಲನೆಯದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ಮ್ಯಾನೇಜರ್ ಟೂಲ್ಸ್. ಅಲ್ಲಿನ ಸೇನಾ ಅಕಾಡೆಮಿಯಲ್ಲಿ ಓದಿದ ಇಬ್ಬರು 2005ರಲ್ಲಿ ಇದನ್ನು ಆರಂಭಿಸಿದರು. ಮಾತಿನಲ್ಲಿ ಆ ಶಿಸ್ತು, ಕೆಲವೊಮ್ಮೆ ಆ ಹಟವೂ ಕೇಳಿಸುತ್ತದೆ. ಮೂಲಪಾಠಗಳನ್ನು ಅವರು ಬೇಸಿಕ್ಸ್ ಎಂಬ ಪ್ರತ್ಯೇಕ ಸರಣಿಯಾಗಿ ಇಟ್ಟಿರುವುದರಿಂದ ನೂರಾರು ಸಂಚಿಕೆಗಳ ನಡುವೆ ಎಲ್ಲಿಂದ ಹಿಡಿಯಬೇಕೆಂಬ ಗೊಂದಲವಿಲ್ಲ. ಅವರ ಮೊದಲ ಪಾಠ, ಕೈಕೆಳಗಿನ ಪ್ರತಿಯೊಬ್ಬರೊಡನೆ ವಾರಕ್ಕೆ ಅರ್ಧ ಗಂಟೆಯ ಮುಖಾಮುಖಿ ಮಾತುಕತೆ: ಮೊದಲ 10 ನಿಮಿಷ ಅವರದು, ಮುಂದಿನ 10 ನಿಮಿಷ ನಿಮ್ಮದು, ಕೊನೆಯ 10 ನಿಮಿಷ ಮುಂದಿನ ಬೆಳವಣಿಗೆಯದು. ನಂತರ ಬರುವುದು ಫೀಡ್‌ಬ್ಯಾಕ್, ಅಂದರೆ ಮಾಡಿದ ಕೆಲಸ ಹೇಗಿತ್ತೆಂಬ ಮಾತನ್ನು, ಹೇಳುವ ನಾಲ್ಕು ಹೆಜ್ಜೆಗಳು: ಹೇಳಬಹುದೇ ಎಂದು ಕೇಳುವುದು, ನಡೆದುಕೊಂಡ ರೀತಿಯನ್ನು ಹೇಳುವುದು, ಅದರಿಂದ ಆದ ಪರಿಣಾಮವನ್ನು ಹೇಳುವುದು, ಮುಂದೆ ಏನು ಮಾಡಬಹುದೆಂದು ಅವರನ್ನೇ ಕೇಳುವುದು. ನಾನು ಮೇಲೆ ಹೇಳಿದ ನಾಲ್ಕು ಮೂಲಪಾಠಗಳಿಗೂ ಇಲ್ಲಿ ಉತ್ತರವಿದೆ, ಅದೂ ನಾಳೆ ಬೆಳಗ್ಗೆ ಮಾಡಿ ನೋಡಬಹುದಾದ ರೂಪದಲ್ಲಿ.

ಖರ್ಚಿನಲ್ಲಿ ಪಾಡ್‌ಕಾಸ್ಟ್‌ನ ಮುಂದೆ ಯಾವುದೂ ನಿಲ್ಲುವುದಿಲ್ಲ. ಅರ್ಧ ಗಂಟೆಯ ಸಂಚಿಕೆಗೆ 128 ಕೆಬಿಪಿಎಸ್ ಗುಣಮಟ್ಟದಲ್ಲಿ ಸುಮಾರು 29 ಎಂಬಿ ಮೊಬೈಲ್ ಡೇಟಾ ಸಾಕು; ಮನೆಯ ವೈಫೈನಲ್ಲಿ ಇಳಿಸಿಕೊಂಡರೆ ಅದೂ ಖರ್ಚಾಗುವುದಿಲ್ಲ. ಬೆಂಗಳೂರು ಮೆಟ್ರೊದ ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡ್‌ಗೆ ಹೋಗಿಬರುವವರು ವಾರಕ್ಕೆ ನಾಲ್ಕೈದು ಸಂಚಿಕೆಗಳನ್ನು ಸುಲಭವಾಗಿ ಮುಗಿಸಬಹುದು. ಮನೆಯಲ್ಲಿ ಚಿಕ್ಕ ಮಕ್ಕಳೋ ವಯಸ್ಸಾದ ಅತ್ತೆ ಮಾವನೋ ಇದ್ದು, ಪರಊರಿನ ಎರಡು ದಿನದ ಸಮ್ಮೇಳನ ಎಂದರೆ ನಾಲ್ಕು ಜನರನ್ನು ಒಪ್ಪಿಸಬೇಕಾದ ಹೆಣ್ಣುಮಕ್ಕಳಿಗಂತೂ ಈ ಅನುಕೂಲ ಸಣ್ಣದಲ್ಲ.

ಆದರೆ ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಲೆಕ್ಕದ್ದು. ವಾರಕ್ಕೆ ತಲಾ ಅರ್ಧ ಗಂಟೆ ಎಂಬುದು ಆರೆಂಟು ಜನರ ಕಚೇರಿ ತಂಡಕ್ಕೆ ಹೊಂದುವ ಲೆಕ್ಕ. ಒಂದು ಶಿಫ್ಟಿನಲ್ಲಿ 22 ಜನರನ್ನು ನೋಡಿಕೊಳ್ಳುವ ಸೂಪರ್‌ವೈಸರ್‌ಗೆ ಅದು ವಾರಕ್ಕೆ 11 ಗಂಟೆ; ಅಷ್ಟು ಹೊತ್ತು ಯಂತ್ರ ಬಿಟ್ಟು ಕೂತರೆ ಮಾತುಕತೆಗೆ ಕೆಲಸವೇ ಉಳಿದಿರುವುದಿಲ್ಲ. ನಮ್ಮಲ್ಲಿ ಅದನ್ನು ಹದಿನೈದು ದಿನಕ್ಕೊಮ್ಮೆ 15 ನಿಮಿಷಕ್ಕೆ ಇಳಿಸಿ, ಯಂತ್ರದ ಪಕ್ಕದಲ್ಲೇ ನಿಂತು ಮಾತನಾಡುವ ಕ್ರಮ ಮಾಡಿಕೊಂಡೆವು. ಅದನ್ನು ಪಾಡ್‌ಕಾಸ್ಟ್ ಹೇಳಿಕೊಟ್ಟಿರಲಿಲ್ಲ.

ಎರಡನೆಯ ತೊಡಕು ಭಾಷೆಯದು, ಮತ್ತು ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಫೀಡ್‌ಬ್ಯಾಕಿನ ನಾಲ್ಕು ಹೆಜ್ಜೆಗಳನ್ನು ಹೊಸದಾಗಿ ಕೇಳಿದ್ದ ಉತ್ಸಾಹದಲ್ಲಿ ನಾನು, ನನಗಿಂತ ಇಪ್ಪತ್ತು ವರ್ಷ ಹಿರಿಯರಾದ ಒಬ್ಬ ಲೇತ್ ಆಪರೇಟರ್ ಬಳಿ ಹೋಗಿ, "ನಿಮಗೆ ಸ್ವಲ್ಪ ಫೀಡ್‌ಬ್ಯಾಕ್ ಕೊಡಬಹುದೇ?" ಎಂದು ಕೇಳಿದೆ. ಅವರು ಕೈಯಲ್ಲಿದ್ದ ವರ್ನಿಯರ್ ಅನ್ನು ನಿಧಾನವಾಗಿ ಕೆಳಗಿಟ್ಟು, ಕೈ ಒರೆಸಿಕೊಂಡು, "ಏನ್ ಸಾರ್, ಯಾರಾದ್ರೂ ಕಂಪ್ಲೇಂಟ್ ಕೊಟ್ರಾ?" ಎಂದರು. ಸುತ್ತಲಿನ ಮೂರು ಯಂತ್ರಗಳ ಸದ್ದು ಕಡಿಮೆಯಾಯಿತು. ನಮ್ಮ ಶಾಪ್ ಫ್ಲೋರಿನಲ್ಲಿ ಫೀಡ್‌ಬ್ಯಾಕ್ ಎಂಬ ಪದಕ್ಕೆ ದೂರು ಎಂಬುದೊಂದೇ ಅರ್ಥ ಎನ್ನುವುದು ನನಗೆ ಅಂದು ತಿಳಿಯಿತು. ಕೆಲವು ವಾರ ಬಿಟ್ಟು, ಈ ಬಾರಿ ಶಿಫ್ಟ್ ಮುಗಿದು ಚಹಾ ಕುಡಿಯುವಾಗ, "ಅಣ್ಣಾ, ಒಂದು ವಿಷಯ ಹೇಳ್ಲಾ? ತಪಾಸಣೆ ಹಾಳೆ ತುಂಬದೆ ನೀವು ಹೊರಟುಬಿಟ್ಟರೆ, ರಾತ್ರಿ ಶಿಫ್ಟಿನ ಹುಡುಗ ಎಲ್ಲಾ ಪೀಸ್ ಮತ್ತೆ ಅಳೀಬೇಕಾಗುತ್ತೆ, ಅವನಿಗೆ ಇಪ್ಪತ್ತು ನಿಮಿಷ ಹೋಗುತ್ತೆ. ಏನ್ ಮಾಡಬಹುದು?" ಎಂದೆ. ಹೆಜ್ಜೆಗಳು ಅವೇ ನಾಲ್ಕು. ಅವರು ಒಂದು ಕ್ಷಣ ಯೋಚಿಸಿ, ಹಾಳೆಯನ್ನು ಆಫೀಸಿನಲ್ಲಿಡುವ ಬದಲು ಯಂತ್ರಕ್ಕೇ ತೂಗುಹಾಕಲು ಹೇಳಿದರು. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು: ಮೊದಲು ಕೆಲವು ವಾರ ಮುಖಾಮುಖಿ ಮಾತುಕತೆ ನಡೆಯಲಿ, ಆಮೇಲೆ ಕೆಲವು ವಾರ ಮೆಚ್ಚುಗೆಯನ್ನು ಮಾತ್ರ ಹೇಳಿ, ತಿದ್ದುವ ಮಾತು ಅದರ ನಂತರ ಬರಲಿ ಎಂದು ಆ ಪಾಡ್‌ಕಾಸ್ಟ್ ಸ್ಪಷ್ಟವಾಗಿಯೇ ಹೇಳಿತ್ತು. ನಾನು ಆ ಭಾಗವನ್ನು ಅವಸರದಲ್ಲಿ ಹಾರಿಸಿದ್ದೆ. ಪಾಡ್‌ಕಾಸ್ಟ್‌ನ ದೊಡ್ಡ ಕೊರತೆ ಅದೇ; ನೀವು ಹಾರಿಸಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ಒಬ್ಬಟ್ಟಿನ ಕಣಕದ ಹದವನ್ನು ಫೋನಿನಲ್ಲಿ ಕೇಳಿ ಬರೆದುಕೊಂಡಂತೆ. ಕೈಗೆ ಎಣ್ಣೆ ಹಚ್ಚಿಕೊಂಡು ನಾದುವಾಗ ಪಕ್ಕದಲ್ಲಿ ಅಮ್ಮ ಇರುವುದಿಲ್ಲ.

ಸಂದರ್ಶನದ ಜಾತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾರ್ವರ್ಡ್ ಬಿಸಿನೆಸ್ ರಿವ್ಯೂದ ಐಡಿಯಾಕಾಸ್ಟ್, ಡೇವ್ ಸ್ಟಾಹೋವಿಯಾಕ್ ನಡೆಸುವ ಕೋಚಿಂಗ್ ಫಾರ್ ಲೀಡರ್ಸ್, ಆಡಮ್ ಗ್ರಾಂಟ್ ಅವರ ವರ್ಕ್‌ಲೈಫ್ ಇವೆಲ್ಲ ಚೆನ್ನಾಗಿವೆ, ಇವುಗಳ ಪೈಕಿ ಕೋಚಿಂಗ್ ಫಾರ್ ಲೀಡರ್ಸ್ ಹೊಸಬರಿಗೆ ಹೆಚ್ಚು ಹತ್ತಿರ. ಆದರೆ ವಾರವಾರವೂ ವಿಷಯ ಬದಲಾಗುವುದರಿಂದ, ಕೇಳಿದಷ್ಟು ಹೊತ್ತು ಏನೋ ಕಲಿತ ತೃಪ್ತಿ ಇರುತ್ತದೆ, ಕಚೇರಿಯ ಬಾಗಿಲು ದಾಟುವಾಗ ಅದು ಕರಗಿಹೋಗಿರುತ್ತದೆ. ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ. ಕನ್ನಡದಲ್ಲೇ ಕೇಳಬೇಕೆನ್ನುವವರಿಗೆ, 2018ರಲ್ಲಿ ಆರಂಭವಾದ ತಲೆಹರಟೆ ಪಾಡ್‌ಕಾಸ್ಟ್ ಗಂಭೀರ ವಿಷಯಗಳನ್ನು ಆಡುಗನ್ನಡದಲ್ಲಿ ದೀರ್ಘವಾಗಿ ಚರ್ಚಿಸುವುದು ಹೇಗೆಂದು ತೋರಿಸಿಕೊಟ್ಟಿದೆ. ಅದು ನಿರ್ವಹಣೆಯ ಪಾಠಕ್ಕೆ ಇರುವುದಲ್ಲವಾದರೂ, ಇಂಗ್ಲಿಷ್‌ನಲ್ಲಿ ಕೇಳಿದ್ದನ್ನು ತಂಡದ ಮುಂದೆ ಕನ್ನಡದಲ್ಲಿ ಆಡಬೇಕಾದವರ ಕಿವಿಗೆ ಒಳ್ಳೆಯ ಅಭ್ಯಾಸ.

ಸಮ್ಮೇಳನಗಳತ್ತ ಬಂದರೆ ಅಲ್ಲಿಯೂ ಇದೇ ಭೇದ. ಸಾವಿರಾರು ಜನ ಸೇರುವ ದೊಡ್ಡ ಸಮಾವೇಶ ಒಂದು ಬಗೆ. ಇಪ್ಪತ್ತು ಮೂವತ್ತು ಜನರನ್ನು ಕೂರಿಸಿ ದಿನವಿಡೀ ಅಭ್ಯಾಸ ಮಾಡಿಸುವ ತರಬೇತಿ ಇನ್ನೊಂದು ಬಗೆ. ಎರಡನ್ನೂ ಕಾನ್ಫರೆನ್ಸ್ ಎಂದೇ ಕರೆಯುವುದರಿಂದ ಜಾಹೀರಾತು ನೋಡಿ ಮೋಸಹೋಗುವುದು ಸುಲಭ.

ದೊಡ್ಡ ಸಮಾವೇಶಗಳಲ್ಲಿ ನಮಗೆ ಹತ್ತಿರದ್ದು ರಾಜ್ಯ ಸರ್ಕಾರ ನವೆಂಬರ್ ಹೊತ್ತಿಗೆ ನಡೆಸುವ ಬೆಂಗಳೂರು ಟೆಕ್ ಸಮಿಟ್. ಮುಂಬೈಯಲ್ಲಿ ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟವಾದ ನಾಸ್ಕಾಂ ನಡೆಸುವ ತಂತ್ರಜ್ಞಾನ ಮತ್ತು ನಾಯಕತ್ವ ವೇದಿಕೆ, 1957ರಲ್ಲಿ ಹುಟ್ಟಿದ ಅಖಿಲ ಭಾರತ ನಿರ್ವಹಣಾ ಸಂಘದ ವಾರ್ಷಿಕ ರಾಷ್ಟ್ರೀಯ ಸಮಾವೇಶ ಇವು ಇನ್ನೂ ಮೇಲಿನ ಹಂತದವರಿಗೆ. ವೇದಿಕೆಯ ಮೇಲೆ ಮುಖ್ಯ ಕಾರ್ಯನಿರ್ವಾಹಕರು ಇರುತ್ತಾರೆ, ಉದ್ಯಮ ಯಾವ ಕಡೆ ಹೊರಳುತ್ತಿದೆ ಎಂಬ ಅಂದಾಜು ಸಿಗುತ್ತದೆ, ಮಳಿಗೆಗಳನ್ನು ಸುತ್ತಿ ಹತ್ತು ಜನರ ಪರಿಚಯವಾಗುತ್ತದೆ. ಆದರೆ ತಡವಾಗಿ ಬರುವ ಕೆಲಸಗಾರನಿಗೆ ಏನು ಹೇಳಬೇಕು ಎಂಬ ನಿಮ್ಮ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಅದು ಅವರ ತಪ್ಪೂ ಅಲ್ಲ. ನಾನು ಹೊಸಬನಾಗಿದ್ದಾಗ ಎರಡು ದಿನದ ಇಂಥ ಒಂದು ಸಮ್ಮೇಳನಕ್ಕೆ ಹೋಗಿ, ಒಂದು ಇಡೀ ನೋಟ್‌ಬುಕ್ ತುಂಬಿಸಿಕೊಂಡು ಬಂದಿದ್ದೆ. ಸೋಮವಾರ ಬೆಳಗ್ಗೆ ಆ ನೋಟ್‌ಬುಕ್ಕಿನಲ್ಲಿ ಮಾಡಬಹುದಾದ ಒಂದೇ ಒಂದು ಕೆಲಸವನ್ನು ಹುಡುಕಿದೆ, ಸಿಗಲಿಲ್ಲ. ಅದರ ಹಿಂಬದಿಯ ಜೇಬಿನಲ್ಲಿ ಹದಿನಾಲ್ಕು ವಿಸಿಟಿಂಗ್ ಕಾರ್ಡ್‌ಗಳಿದ್ದವು. ಅವುಗಳಲ್ಲಿ ಒಬ್ಬರು ಮಾತ್ರ ಇಂದಿಗೂ ಸಂಪರ್ಕದಲ್ಲಿದ್ದಾರೆ, ಅದೂ ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದರೆಂಬ ಕಾರಣಕ್ಕೆ.

ಹಾಗಾದರೆ ದೊಡ್ಡ ಸಮಾವೇಶ ಯಾರಿಗೆ? ಹದಿನೈದಿಪ್ಪತ್ತು ಜನರನ್ನಿಟ್ಟುಕೊಂಡು ಸ್ವಂತ ಉದ್ಯಮ ನಡೆಸುವವರಿಗೆ, ಗ್ರಾಹಕರೋ ಪಾಲುದಾರರೋ ಸಿಗುವ ಸಂಭವ ಇರುವವರಿಗೆ, ನಾಲ್ಕೈದು ವರ್ಷ ತಂಡ ನಡೆಸಿ ಈಗ ವಿಭಾಗವನ್ನು ವಹಿಸಿಕೊಳ್ಳುತ್ತಿರುವವರಿಗೆ ಅದರ ಬೆಲೆ ಬೇರೆಯೇ. ಖರ್ಚು ಲೆಕ್ಕ ಹಾಕುವಾಗ ಪ್ರವೇಶ ಶುಲ್ಕದ ಮೇಲೆ ಶೇ 18ರ ಜಿಎಸ್‌ಟಿಯನ್ನು ಸೇರಿಸಿಕೊಳ್ಳಿ. ನೋಂದಾಯಿತ ಕಂಪನಿ ಅದನ್ನು ತನ್ನ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ಸ್ವಂತ ಜೇಬಿನಿಂದ ಕೊಡುವವರಿಗೆ ಆ ದಾರಿ ಇಲ್ಲ. ಶಿವಮೊಗ್ಗದಿಂದಲೋ ಕಲಬುರಗಿಯಿಂದಲೋ ಬರುವವರಿಗೆ ರಾತ್ರಿ ಪ್ರಯಾಣ, ವಸತಿ, ಎರಡು ದಿನದ ರಜೆ ಸೇರಿ ಮೂಲ ಶುಲ್ಕಕ್ಕಿಂತ ಹೆಚ್ಚಾಗುವುದೂ ಉಂಟು. ಒಂದು ಸಮಾಧಾನವೆಂದರೆ, ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆಯುವ ಸಮಾವೇಶಗಳಿಗೆ 2024ರ ನವೆಂಬರ್‌ನಿಂದ ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೂ ಹೋಗುತ್ತದೆ. ಅದಕ್ಕೆ ಮುಂಚೆ ಆ ರಸ್ತೆಯಲ್ಲಿ ಆಟೊ ಹುಡುಕುವುದೇ ಒಂದು ನಿರ್ವಹಣಾ ಪಾಠವಾಗಿತ್ತು.

ತರಬೇತಿಯ ಬಗೆಯ ಸಮ್ಮೇಳನ ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಬೆಲೆಯುಳ್ಳದ್ದು, ಮತ್ತು ಸರಿಯಾದದ್ದನ್ನು ಆರಿಸುವುದು ಎಲ್ಲಕ್ಕಿಂತ ಕಷ್ಟ. ಮ್ಯಾನೇಜರ್ ಟೂಲ್ಸ್‌ನವರೇ ತಮ್ಮ ಮೂಲಪಾಠಗಳ ಮೇಲೆ ಒಂದು ದಿನದ ಇಂಥ ತರಬೇತಿ ನಡೆಸುತ್ತಾರೆ. ಪಾಡ್‌ಕಾಸ್ಟ್‌ನಲ್ಲಿ ಉಚಿತವಾಗಿ ಹೇಳಿದ್ದನ್ನೇ ಅಲ್ಲಿ ಹಣಕ್ಕೆ ಹೇಳುವುದೇಕೆ ಎಂದು ಒಬ್ಬ ಹುಡುಗ ನನ್ನನ್ನು ಕೇಳಿದ್ದ. ಹಣ ಕೊಡುವುದು ಮಾಹಿತಿಗೆ ಅಲ್ಲ; ಪಕ್ಕದ ಕುರ್ಚಿಯವರನ್ನು ನಿಮ್ಮ ಕೆಲಸಗಾರ ಎಂದುಕೊಂಡು ಗಟ್ಟಿಯಾಗಿ ಹೇಳಿ ನೋಡುವುದಕ್ಕೆ, ನಾಲಿಗೆ ತೊದಲಿದಾಗ ತಿದ್ದಿಸಿಕೊಳ್ಳುವುದಕ್ಕೆ. ಬೆಂಗಳೂರು ಮ್ಯಾನೇಜ್‌ಮೆಂಟ್ ಅಸೋಸಿಯೇಷನ್‌ನಂಥ ಸ್ಥಳೀಯ ನಿರ್ವಹಣಾ ಸಂಘಗಳ ಕಾರ್ಯಕ್ರಮಗಳನ್ನೂ ಗಮನಿಸುತ್ತಿರಿ. ಇಲ್ಲಿನ ಕಾರ್ಖಾನೆ, ಕಚೇರಿಗಳ ಉದಾಹರಣೆ ಕೊಟ್ಟು ಮಾತನಾಡುವವರು ಸಿಗುವುದು ಇಂಥ ಕಡೆಯೇ. ಹೆಸರು ನೋಂದಾಯಿಸುವ ಮುನ್ನ ಸಂಘಟಕರಿಗೆ ಫೋನ್ ಮಾಡಿ ಮೂರು ವಿಷಯ ಕೇಳಿ: ಒಟ್ಟು ಎಷ್ಟು ಜನ ಇರುತ್ತಾರೆ, ಅದರಲ್ಲಿ ಎಷ್ಟು ಹೊತ್ತು ನಾವೇ ಮಾತನಾಡಿ ಅಭ್ಯಾಸ ಮಾಡುತ್ತೇವೆ, ಒಂದು ತಿಂಗಳ ನಂತರ ಮತ್ತೆ ಸಂಪರ್ಕಿಸುವ ಏರ್ಪಾಡು ಇದೆಯೇ. ಎರಡನೆಯ ಪ್ರಶ್ನೆಗೆ "ಕೊನೆಯಲ್ಲಿ ಪ್ರಶ್ನೋತ್ತರ ಇರುತ್ತದೆ" ಎಂಬ ಉತ್ತರ ಬಂದರೆ ಅದು ಭಾಷಣ, ತರಬೇತಿಯಲ್ಲ.

ಪಾಡ್‌ಕಾಸ್ಟ್ ಮತ್ತು ಸಮ್ಮೇಳನಗಳ ನಡುವೆ ನಿಲ್ಲುವ ಎರಡು ಅಗ್ಗದ ದಾರಿಗಳನ್ನೂ ಹೇಳಬೇಕು. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಟೋಸ್ಟ್‌ಮಾಸ್ಟರ್ಸ್‌ನ ಕ್ಲಬ್ಬುಗಳು ಬೆಂಗಳೂರಿನ ಅನೇಕ ಕಂಪನಿಗಳ ಒಳಗೂ ಬಡಾವಣೆಗಳಲ್ಲೂ ಇವೆ. ಭಾಷಣ ಕಲಿಯುವ ಕೂಟ ಎಂದು ಜನ ಅದನ್ನು ಬದಿಗಿಡುತ್ತಾರೆ, ಆದರೆ ಅಲ್ಲಿ ಪ್ರತಿ ಭಾಷಣಕ್ಕೂ ಒಬ್ಬ ಸದಸ್ಯ ಎದ್ದು ನಿಂತು, ಎದುರಿಗಿರುವವರ ಮನಸ್ಸು ಮುರಿಯದಂತೆ ಎರಡು ಮೂರು ನಿಮಿಷಗಳಲ್ಲಿ ವಿಮರ್ಶೆ ಹೇಳಬೇಕು. ಹಸಿರು, ಹಳದಿ, ಕೆಂಪು ಸೂಚನೆಗಳನ್ನು ಹಿಡಿದು ಸಮಯ ನೋಡುವವರು ಬೇರೆ ಇರುತ್ತಾರೆ. ಫೀಡ್‌ಬ್ಯಾಕ್ ಹೇಳಿ ಹೇಳಿಯೇ ಕಲಿಯಲು ಇದಕ್ಕಿಂತ ಕಡಿಮೆ ಖರ್ಚಿನ ಜಾಗ ನನಗೆ ಕಂಡಿಲ್ಲ. ಇನ್ನೊಂದು ದಾರಿ ಐಐಟಿಗಳ ಎನ್‌ಪಿಟೆಲ್ ಎಂಬ ಆನ್‌ಲೈನ್ ಪಾಠಗಳು. ಪಾಠ ಉಚಿತ, ಪರೀಕ್ಷೆ ಬೇಕಾದವರಿಗೆ ಮಾತ್ರ ಶುಲ್ಕ. ವಾರವಾರದ ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75 ಅಂಕ. ಕ್ರಮಬದ್ಧವಾಗಿ ಓದಿ, ಒಂದು ಪತ್ರ ಕೈಗೆ ಬಂದರೆ ಮನಸ್ಸಿಗೆ ಸಮಾಧಾನ ಎನ್ನುವವರಿಗೆ ಸರಿ, ಆದರೆ ಅದು ಸಿದ್ಧಾಂತದ ಕಡೆಗೇ ವಾಲುತ್ತದೆ.

ಇನ್ನು ಯಾರಿಗೆ ಯಾವುದು ಎಂಬ ಮಾತು. ಸ್ವಂತ ಹಣದಲ್ಲೇ ಕಲಿಯಬೇಕಾದ ಶಿಫ್ಟ್ ಸೂಪರ್‌ವೈಸರ್‌ಗೆ ನಾನು ಹೇಳುವುದು: ಮೂರು ತಿಂಗಳು ಒಂದೇ ಪಾಡ್‌ಕಾಸ್ಟ್‌ನ ಮೂಲಪಾಠಗಳು, ಅದೂ ಒಬ್ಬರೇ ಅಲ್ಲ. ಬೇರೆ ವಿಭಾಗದಲ್ಲಿ ಇದೇ ಸ್ಥಿತಿಯಲ್ಲಿರುವ ಒಬ್ಬರನ್ನು ಜೊತೆ ಮಾಡಿಕೊಂಡು, ವಾರಕ್ಕೆ ಒಂದೇ ಸಂಚಿಕೆ ಕೇಳಿ, ಶನಿವಾರ ಅದನ್ನು ಕನ್ನಡದಲ್ಲಿ ಪರಸ್ಪರ ಹೇಳಿ ನೋಡಿ. ಪಾಡ್‌ಕಾಸ್ಟ್‌ಗೆ ಇಲ್ಲದ ಕಿವಿಯನ್ನು ಆ ಜೊತೆಗಾರ ತುಂಬಿಕೊಡುತ್ತಾನೆ. ಇಂಗ್ಲಿಷ್ ವೇಗ ಕಷ್ಟವಾದರೆ ಆ್ಯಪ್‌ನಲ್ಲಿ 0.8ಕ್ಕೆ ಇಳಿಸಿಕೊಳ್ಳಿ, ಅದರಲ್ಲಿ ನಾಚಿಕೆಯೇನೂ ಇಲ್ಲ.

ಆರೆಂಟು ಜನರ ಸಾಫ್ಟ್‌ವೇರ್ ತಂಡಕ್ಕೆ ಹೊಸದಾಗಿ ಲೀಡ್ ಆಗಿ, ಕಂಪನಿಯಲ್ಲಿ ಕಲಿಕೆಗೆ ಹಣ ಮೀಸಲಿರುವವರು ಆ ಹಣವನ್ನು ದೊಡ್ಡ ಸಮಾವೇಶಕ್ಕೆ ಸುರಿಯಬಾರದು. ಅನೇಕ ಕಡೆ ಆ ಮೊತ್ತವನ್ನು ಬಳಸುವ ಅವಧಿ ಮಾರ್ಚ್ 31ಕ್ಕೆ ಮುಗಿದುಹೋಗುವುದರಿಂದ ಫೆಬ್ರುವರಿಯಲ್ಲಿ ಸಿಕ್ಕಿದ ಸಮ್ಮೇಳನಕ್ಕೆ ಓಡುವವರನ್ನು ಪ್ರತಿ ವರ್ಷ ನೋಡುತ್ತೇನೆ. ಮೊದಲೆರಡು ತಿಂಗಳು ಪಾಡ್‌ಕಾಸ್ಟ್ ಕೇಳಿ, ತಂಡದೊಂದಿಗೆ ಮುಖಾಮುಖಿ ಮಾತುಕತೆ ಶುರುಮಾಡಿ, ಎಲ್ಲಿ ಎಡವುತ್ತೀರೆಂದು ಬರೆದಿಟ್ಟುಕೊಂಡು, ಆಮೇಲೆ ಸಣ್ಣ ಗುಂಪಿನ ತರಬೇತಿಗೆ ಹೋಗಿ. ಎಡವದೆ ಹೋದರೆ ತರಬೇತುದಾರರಿಗೆ ಕೇಳಲು ನಿಮ್ಮಲ್ಲಿ ಏನೂ ಇರುವುದಿಲ್ಲ.

ಸ್ವಯಂಸೇವಾ ಸಂಸ್ಥೆಗಳಲ್ಲಿ, ರೈತ ಉತ್ಪಾದಕರ ಕಂಪನಿಗಳಲ್ಲಿ ತಂಡ ನಡೆಸುವವರಿಗೆ ಕಾರ್ಪೊರೇಟ್ ಉದಾಹರಣೆಗಳು ಅರ್ಧ ದಾರಿಯವರೆಗೆ ಮಾತ್ರ ಬರುತ್ತವೆ. ಸಂಬಳದ ಏರಿಕೆ, ಅಪ್ರೈಸಲ್ ಎಂಬ ಆಯುಧಗಳೇ ಇಲ್ಲದ ಕಡೆ ಪಾಠದ ರೂಪ ಬೇರೆಯಾಗಬೇಕು. ಇವರಿಗೆ ಸಮಾನರ ಭೇಟಿಯೇ ಮುಖ್ಯವಾದ್ದರಿಂದ, ಹುಬ್ಬಳ್ಳಿಯಲ್ಲಿ ದೇಶಪಾಂಡೆ ಫೌಂಡೇಷನ್ ನಡೆಸುವ ಡೆವಲಪ್‌ಮೆಂಟ್ ಡೈಲಾಗ್‌ನಂಥ ಸಮಾವೇಶ ಪಾಡ್‌ಕಾಸ್ಟ್‌ಗಿಂತ ಹೆಚ್ಚು ಕೊಡಬಲ್ಲದು. ದೊಡ್ಡ ಸಮಾವೇಶದ ಬಗ್ಗೆ ನಾನು ಮೇಲೆ ಹೇಳಿದ್ದಕ್ಕೆ ಇದೊಂದು ವಿನಾಯಿತಿ.

ಕಂಪನಿಯ ಹಣ ಕೇಳುವುದಾದರೆ ಮ್ಯಾನೇಜರ್‌ಗೆ ಬರೆಯುವ ಇಮೇಲ್ ಉದ್ದವಾಗಿರಬೇಕಿಲ್ಲ. ಜಿಎಸ್‌ಟಿ ಮತ್ತು ಪ್ರಯಾಣ ಸೇರಿ ಒಟ್ಟು ಎಷ್ಟು, ಯಾವ ದಿನ ಸೀಟಿನಲ್ಲಿ ಇರುವುದಿಲ್ಲ, ಆ ದಿನ ಕೆಲಸ ನೋಡಿಕೊಳ್ಳುವವರು ಯಾರು, ಬಂದ ಮೇಲೆ ತಂಡದಲ್ಲಿ ಬದಲಾಗುವ ಒಂದು ಸಂಗತಿ ಯಾವುದು, ಇಷ್ಟೇ. ನನ್ನ ಮೇಜಿಗೆ ಬಂದ ಇಂಥ ಮನವಿಗಳಲ್ಲಿ ಕೊನೆಯ ಸಾಲು ಇರುತ್ತಿದ್ದುದು ಬೆರಳೆಣಿಕೆಯಷ್ಟು. ಅವುಗಳನ್ನು ನಾನು ಅಂದೇ ಸಹಿ ಹಾಕಿ ಕಳಿಸುತ್ತಿದ್ದೆ.